ಫೋನಿಗೆ ಓಗೊಡದ ಮೋಟರ್: ಮೊಬೈಲ್ ಸ್ಟಾರ್ಟರ್ ದೋಷ ಹುಡುಕುವ ಬಗೆ

ರಾತ್ರಿ 11 ಗಂಟೆಗೆ ‘ತ್ರೀಫೇಸ್ ಬಂದಿದೆ’ ಅಂತ ಮೆಸೇಜ್ ಬರುತ್ತದೆ. ಮಲಗಿದ್ದಲ್ಲಿಂದಲೇ ತೋಟದ ಮೊಬೈಲ್ ಸ್ಟಾರ್ಟರ್ ಡಬ್ಬಿಯಲ್ಲಿರುವ ಸಿಮ್ಮಿನ ನಂಬರಿಗೆ ಕಾಲ್ ಮಾಡುತ್ತೀರಿ. ರಿಂಗ್ ಆಗುತ್ತದೆ, ಮೋಟರ್ ಮಾತ್ರ ಆನ್ ಆಗುವುದಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಕೊನೆಗೆ ಬ್ಯಾಟರಿ ಹಿಡಿದು ತೋಟಕ್ಕೆ ಹೊರಡಬೇಕು. ಹಾವು, ಚಿರತೆ, ಕತ್ತಲು, ಇವನ್ನೆಲ್ಲ ತಪ್ಪಿಸಲಿಕ್ಕೇ ಅಲ್ವಾ ಈ ಡಬ್ಬಿ ತಂದದ್ದು?

ತಿಪಟೂರು, ಅರಸೀಕೆರೆ ಸುತ್ತಿನ ತೋಟಗಳಲ್ಲಿ ಮೋಟರ್ ಸ್ಟಾರ್ಟರ್ ಕೂರಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ‘ಮೊಬೈಲ್ ಸ್ಟಾರ್ಟರ್ ಕೆಟ್ಟಿದೆ, ಬನ್ನಿ’ ಅಂತ ಕರೆದ ಕಡೆ ಹೋಗಿ ನೋಡಿದರೆ ಬಹಳ ಸಲ ಆ ಡಬ್ಬಿ ಚೆನ್ನಾಗಿಯೇ ಇರುತ್ತದೆ. ದೋಷ ಅದರ ಹಿಂದೆಯೋ ಮುಂದೆಯೋ ಇರುತ್ತದೆ. ಅದನ್ನು ನೀವೇ ಹೇಗೆ ಹುಡುಕಿಕೊಳ್ಳಬಹುದು ಅಂತ ಇಲ್ಲಿ ಬರೆದಿದ್ದೇನೆ. ಯಾವ ಕಂಪನಿಯ ಡಬ್ಬಿಯಾದರೂ ಒಳಗಿನ ಲೆಕ್ಕ ಒಂದೇ.

ಆ ಲೆಕ್ಕ ಇಷ್ಟು. ಗೋಡೆಯ ಮೇಲಿರುವ ಹಳೇ ಸ್ಟಾರ್ಟರ್‌ನಲ್ಲಿ ಹಸಿರು ಬಟನ್ ಒತ್ತಿದರೆ ಮೋಟರ್ ಆನ್, ಕೆಂಪು ಒತ್ತಿದರೆ ಆಫ್. ಮೊಬೈಲ್ ಡಬ್ಬಿ ನಿಮ್ಮ ಬೆರಳಿನ ಬದಲು ಆ ಬಟನ್ ಒತ್ತುತ್ತದೆ. ಜೊತೆಗೆ ಕರೆಂಟ್ ಇದೆಯಾ, ಮೂರೂ ಫೇಸ್ ಸರಿಯಿದೆಯಾ ಅಂತ ನೋಡಿ ಹೇಳುತ್ತದೆ. ಪುಣೆಯ ಸಂತೋಷ್ ಓಸ್ತ್ವಾಲ್ ಅವರು ‘ನ್ಯಾನೋ ಗಣೇಶ್’ ಮಾಡಿದ್ದು ಕೀಪ್ಯಾಡ್ ಫೋನುಗಳ ಕಾಲದಲ್ಲಿ. ಇವತ್ತಿನ ಡಬ್ಬಿಗಳಲ್ಲಿ ಆ್ಯಪ್ ಬಂದಿದೆ, ಮಾತಾಡುವ ದನಿ ಬಂದಿದೆ. ಕೆಲಸ ಮಾತ್ರ ಅದೇ: ದೂರದಿಂದ ಬಟನ್ ಒತ್ತುವುದು, ಅಲ್ಲಿ ಏನಾಯಿತು ಅಂತ ತಿಳಿಸುವುದು.

ಮುಟ್ಟುವ ಮೊದಲು

ಇದನ್ನು ಬಿಟ್ಟು ಮುಂದೆ ಓದಬೇಡಿ. ಕೈಯಲ್ಲಿ ಒತ್ತುವ ಸ್ಟಾರ್ಟರ್ ಮುಂದೆ ನೀವೇ ನಿಂತಿರುತ್ತೀರಿ, ಬೇರೆಯವರು ಅದನ್ನು ಆನ್ ಮಾಡಲಾರರು. ಮೊಬೈಲ್ ಸ್ಟಾರ್ಟರ್ ಹಾಗಲ್ಲ. ನೀವು ಡಬ್ಬಿ ಬಿಚ್ಚಿ ಕೈ ಹಾಕಿರುವಾಗ ಬೆಂಗಳೂರಿನಲ್ಲಿರುವ ಮಗ ‘ಅಪ್ಪ ಮರೆತಿರಬೇಕು’ ಅಂತ ಕಾಲ್ ಮಾಡಬಹುದು. ಅವನಿಗೆ ನೀವು ಕಾಣುವುದಿಲ್ಲ. ಆಟೋ ಮೋಡ್‌ನಲ್ಲಿದ್ದರೆ ಕರೆಂಟ್ ಬಂದ ಕೂಡಲೇ ಯಾರೂ ಕಾಲ್ ಮಾಡದೆಯೇ ಮೋಟರ್ ಶುರುವಾಗುತ್ತದೆ.

ಅದಕ್ಕೇ ಮೊದಲು ಮನೆಯವರಿಗೆಲ್ಲ ಹೇಳಿ: ನಾನು ಹೇಳುವವರೆಗೆ ಯಾರೂ ಕಾಲ್ ಮಾಡಬೇಡಿ. ಆಮೇಲೆ ಮೇನ್ ಸ್ವಿಚ್ ಕೆಳಗೆ ಎಳೆಯಿರಿ. ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಜೇಬಿನಲ್ಲಿರುವ ಫ್ಯೂಸನ್ನು ಯಾರೂ ಮರೆತು ಹಾಕುವುದಿಲ್ಲ. ಇಷ್ಟಾದರೂ ಫ್ಯೂಸಿನ ಮೇಲಿನ ಕಡೆ ಲೈನಿನಿಂದ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕೆಲವರು ಮೊಬೈಲ್ ಡಬ್ಬಿಗೆ ಕರೆಂಟನ್ನು ಅಲ್ಲಿಂದಲೇ ಎಳೆದಿರುತ್ತಾರೆ. ಕೆಪಾಸಿಟರ್ ಇದ್ದರೆ ಕರೆಂಟ್ ತೆಗೆದ ಮೇಲೂ ಸ್ವಲ್ಪ ಹೊತ್ತು ಹೊಡೆಯುತ್ತದೆ. ಮೀಟರ್ ಇಟ್ಟು ನೋಡದೆ ಯಾವ ತಂತಿಯನ್ನೂ ಸತ್ತಿದೆ ಅಂದುಕೊಳ್ಳಬೇಡಿ. ಕಂಬ ಮತ್ತು ಟಿಸಿ (ಟ್ರಾನ್ಸ್‌ಫಾರ್ಮರ್) ಲೈನ್‌ಮ್ಯಾನ್ ಕೆಲಸ. ಅದನ್ನು ನಾನೂ ಮುಟ್ಟುವುದಿಲ್ಲ.

ಬೇಕಾಗುವ ಸಾಮಾನು ಕಮ್ಮಿ. 600 ವೋಲ್ಟ್ ಎಸಿ ತನಕ ತೋರಿಸುವ ಒಂದು ಮಲ್ಟಿಮೀಟರ್, ತಂತಿಯನ್ನು ತಬ್ಬಿ ಆಂಪ್ಸ್ ಹೇಳುವ ಒಂದು ಕ್ಲ್ಯಾಂಪ್ ಮೀಟರ್, ಸ್ಕ್ರೂಡ್ರೈವರ್, ಹಳೇ ಹಲ್ಲುಜ್ಜುವ ಬ್ರಷ್ಷು, ಇನ್ನೊಂದು ಫೋನು.

ಮೊದಲ ಪರೀಕ್ಷೆ: ಹಸಿರು ಬಟನ್ ಕೈಯಲ್ಲಿ ಒತ್ತಿ

ಫೋನಿನಿಂದ ನೀರಿನವರೆಗೆ ಒಂದು ಸರಪಳಿ ಇದೆ. ನಿಮ್ಮ ಫೋನು, ಟವರ್, ಡಬ್ಬಿಯ ಸಿಮ್ಮು, ಡಬ್ಬಿಯ ರಿಲೇ (ಬಟನ್ ಒತ್ತುವ ಕೆಲಸ ಮಾಡುವ ಒಳಗಿನ ಸ್ವಿಚ್ಚು), ಸ್ಟಾರ್ಟರ್, ಕೇಬಲ್, ಮೋಟರ್, ಪೈಪು. ಒಂದು ತುದಿಯಿಂದ ಶುರು ಮಾಡಿದರೆ ದಿನ ಹಿಡಿಯುತ್ತದೆ. ಮಧ್ಯಕ್ಕೆ ಕೈ ಹಾಕಿ. ಮಧ್ಯ ಅಂದರೆ ಹಸಿರು ಬಟನ್.

ಕರೆಂಟ್ ಇದ್ದಾಗ ಅದನ್ನು ಬೆರಳಲ್ಲಿ ಒತ್ತಿ. ಮೋಟರ್ ಓಡಿ ನೀರು ಬಂದರೆ ಕರೆಂಟು, ಸ್ಟಾರ್ಟರ್, ಕೇಬಲ್, ಮೋಟರ್ ಎಲ್ಲ ಸರಿ. ದೋಷ ಫೋನಿನ ಕಡೆ ಇದೆ. ಓಡದಿದ್ದರೆ ಸಿಮ್ಮು, ನೆಟ್‌ವರ್ಕು, ಆ್ಯಪು ಇವನ್ನೆಲ್ಲ ಮರೆತುಬಿಡಿ. ಅರ್ಧ ಕೆಲಸ ಒಂದು ನಿಮಿಷದಲ್ಲಿ ಮುಗಿಯಿತು.

ಇದರಲ್ಲಿ ಒಂದು ಅಪವಾದ ಇದೆ, ಅದನ್ನು ನೆನಪಿಡಿ. ಡಬ್ಬಿಯಿಂದ ಸ್ಟಾರ್ಟರ್‌ಗೆ ಎರಡು ಜೋಡಿ ತಂತಿ ಬಂದಿರುತ್ತವೆ. ಆನ್ ಜೋಡಿ ಹಸಿರು ಬಟನ್‌ಗೆ ಪಕ್ಕಪಕ್ಕದಲ್ಲಿ, ಅಂದರೆ ಪ್ಯಾರಲಲ್ ಆಗಿ ಸೇರುತ್ತದೆ. ಆಫ್ ಜೋಡಿ ಕೆಂಪು ಬಟನ್‌ನ ಸಾಲಿನಲ್ಲಿ, ಸೀರೀಸ್ ಆಗಿ ಕೂರುತ್ತದೆ. ಆ ಆಫ್ ರಿಲೇಯ ಪಾಯಿಂಟು ಕಪ್ಪಾಗಿದ್ದರೆ, ತಂತಿ ಲೂಸಾಗಿದ್ದರೆ, ಕೈಯಲ್ಲಿ ಒತ್ತಿದರೂ ಮೋಟರ್ ಓಡುವುದಿಲ್ಲ. ಪತ್ತೆ ಮಾಡುವುದು ಸುಲಭ. ಫ್ಯೂಸ್ ತೆಗೆದು, ಆಫ್ ಜೋಡಿಯ ಎರಡು ತಂತಿಗಳ ನಡುವೆ ಮೀಟರನ್ನು ಓಮ್ಸ್‌ನಲ್ಲಿಟ್ಟು ನೋಡಿ. ಸೊನ್ನೆ ಹತ್ತಿರ ತೋರಿಸಬೇಕು. ತೋರಿಸದಿದ್ದರೆ ಅಲ್ಲೇ ದೋಷ. ಹಲವು ಡಬ್ಬಿಗಳಲ್ಲಿ ಡಬ್ಬಿಯನ್ನು ಬಿಟ್ಟು ನೇರ ಸ್ಟಾರ್ಟರ್ ಓಡಿಸುವ ಬೈಪಾಸ್ ಸ್ವಿಚ್ ಇರುತ್ತದೆ, ಅದನ್ನು ತಿರುಗಿಸಿಯೂ ನೋಡಬಹುದು.

ಕೈಯಲ್ಲಿ ಒತ್ತಿದರೂ ಓಡುತ್ತಿಲ್ಲ

ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಟೆಸ್ಟರ್ ನಂಬುವುದು. ಟೆಸ್ಟರನ್ನು ಮೂರೂ ಫೇಸಿಗೆ ಇಡುತ್ತಾರೆ, ಮೂರರಲ್ಲೂ ಕೆಂಪಗೆ ಉರಿಯುತ್ತದೆ. ‘ಮೂರೂ ಫೇಸ್ ಐತೆ ಅಣ್ಣ, ನಿಮ್ ಡಬ್ಬೀನೇ ಕೆಟ್ಟೈತೆ’ ಅನ್ನುತ್ತಾರೆ.

ಮೀಟರ್ ಇಟ್ಟು ಅಳೆಯಿರಿ. ಫೇಸಿಗೂ ಫೇಸಿಗೂ ನಡುವೆ ಅಳೆಯಬೇಕು: ಕೆಂಪು-ಹಳದಿ, ಹಳದಿ-ನೀಲಿ, ನೀಲಿ-ಕೆಂಪು. ಸರಿಯಾಗಿದ್ದರೆ ಮೂರೂ ಕಡೆ 415ರ ಆಸುಪಾಸು, ಮೂರೂ ಹೆಚ್ಚುಕಮ್ಮಿ ಸಮ ಇರುತ್ತದೆ. ಒಂದು ತೋಟದಲ್ಲಿ ನನಗೆ ಸಿಕ್ಕಿದ್ದು 358, 355, ಮತ್ತೆ 4. ಇಂಥ ಲೆಕ್ಕ ಬಂದರೆ ಅದು ಟಿಸಿಯ ಮೇಲಿನ ಕಡೆಯ ದೋಷ. 11 ಕೆವಿ ಬರುವ ಮೂರು ತಂತಿಗಳಲ್ಲಿ ಒಂದರ ಫ್ಯೂಸ್ ಹೋಗಿದೆ, ಇಲ್ಲವೇ ಲೈನಿನ ಜೋಡಣೆಯ ತಂತಿ, ಅಂದರೆ ಜಂಪ್, ಕಟ್ಟಾಗಿದೆ. ಆಗ ಟಿಸಿಯ ಕೆಳಗಿನ ಕಡೆ ಒಂದು ಫೇಸ್ ಪೂರ್ತಿ ಇರುತ್ತದೆ, ಉಳಿದೆರಡು ಅರ್ಧಕ್ಕೆ ಇಳಿಯುತ್ತವೆ. ಟೆಸ್ಟರ್‌ನ ನಿಯಾನ್ ದೀಪಕ್ಕೆ ಅರ್ಧವೂ ಸಾಕು, ಅದಕ್ಕೇ ಮೂರರಲ್ಲೂ ಉರಿಯುತ್ತದೆ. ಆ ಎರಡು ಅರ್ಧಗಳ ನಡುವೆ ಅಳೆದರೆ ಸೊನ್ನೆ. ಇದರಲ್ಲಿ ಮೋಟರ್ ಓಡಿಸಿದರೆ ಸ್ವಲ್ಪ ಹೊತ್ತಿಗೇ ವೈಂಡಿಂಗ್ ಸುಡುತ್ತದೆ. ಡಬ್ಬಿ ‘ಆನ್ ಮಾಡಲ್ಲ’ ಅಂದದ್ದು ಮೋಟರ್ ಉಳಿಸಲಿಕ್ಕೆ.

ಈ ಹೊತ್ತಿನಲ್ಲಿ ಬೇಸರದಿಂದ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ತಡೆಯುವ ಭಾಗ) ಬೈಪಾಸ್ ಮಾಡಿ ಅನ್ನುವವರಿದ್ದಾರೆ. ನಾನು ಮಾಡಿಕೊಡುವುದಿಲ್ಲ. ನೂರಾರು ಅಡಿ ಆಳದಿಂದ ಮೋಟರ್ ಎತ್ತಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಬೆಳೆ ಒಣಗುತ್ತದೆ. ಲೈನ್‌ಮ್ಯಾನ್‌ಗೆ ಫೋನ್ ಮಾಡಿ, ಮೀಟರಿನಲ್ಲಿ ಬಂದ ಮೂರು ಅಂಕಿ ಓದಿ ಹೇಳಿ. ‘ಕರೆಂಟ್ ಸರಿಯಿಲ್ಲ’ ಅನ್ನುವುದಕ್ಕಿಂತ ‘ಒಂದು ಜೋಡಿಯಲ್ಲಿ ಸೊನ್ನೆ ಬರುತ್ತಿದೆ’ ಅಂದರೆ ಅವರಿಗೆ ಎಲ್ಲಿ ನೋಡಬೇಕು ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ದೋಷ ವೋಲ್ಟೇಜ್ ಇಳಿಯುವುದು. ನಮ್ಮಲ್ಲಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಅಂತ ಲೆಕ್ಕ. ಅದು ಬಂದ ಕ್ಷಣಕ್ಕೆ ಆ ಟಿಸಿಯ ಮೇಲಿರುವ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಶುರುವಾಗುವಾಗ ಮೋಟರ್ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಎಲ್ಲವೂ ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಯಾವುದೂ ಓಡುವುದಿಲ್ಲ, ಟಿಸಿಯ ಫ್ಯೂಸೇ ಹೋಗಬಹುದು. ಡಬ್ಬಿಯಲ್ಲಿ ‘ಆನ್ ಡಿಲೇ’ ಅಂತ ಸೆಟ್ಟಿಂಗ್ ಇರುತ್ತದೆ. ಪಕ್ಕದ ತೋಟದವರೊಂದಿಗೆ ಮಾತಾಡಿ, ಒಬ್ಬರು 2 ನಿಮಿಷ, ಇನ್ನೊಬ್ಬರು 4, ಮತ್ತೊಬ್ಬರು 6 ಅಂತ ಇಟ್ಟುಕೊಳ್ಳಿ. ನಾನು ನೋಡಿದ ಮಟ್ಟಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಆಗುವ ರಿಪೇರಿ ಇನ್ನೊಂದಿಲ್ಲ.

ಟಿಸಿ ಬದಲಾಯಿಸಿದ ಮಾರನೇ ದಿನದಿಂದ ಮೋಟರ್ ಆನ್ ಆಗುತ್ತಿಲ್ಲ ಅಂದರೆ ಫೇಸುಗಳ ಸರದಿ ಅದಲುಬದಲಾಗಿರಬಹುದು. ಮೂರೂ ವೋಲ್ಟೇಜ್ ಸರಿ ಇರುತ್ತದೆ, ಆದರೆ ಡಬ್ಬಿ ‘ಫೇಸ್ ರಿವರ್ಸ್’ ಅನ್ನುತ್ತದೆ. ಸ್ಟಾರ್ಟರ್‌ಗೆ ಬರುವ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಮುಗಿಯಿತು.

ವೋಲ್ಟೇಜ್ ಎಲ್ಲ ಸರಿಯಿದ್ದೂ ಓಡುತ್ತಿಲ್ಲವೆ? ಓವರ್‌ಲೋಡ್ ರಿಲೇಯ (ಕರೆಂಟ್ ಜಾಸ್ತಿಯಾದರೆ ಮೋಟರ್ ನಿಲ್ಲಿಸುವ ಭಾಗ) ರೀಸೆಟ್ ಗುಂಡಿ ಒತ್ತಿ ನೋಡಿ. ಒತ್ತಿದಾಗ ‘ಟಿಕ್’ ಅಂದರೆ ಅದು ಟ್ರಿಪ್ ಆಗಿತ್ತು ಅಂತ ಅರ್ಥ. ಒಂದು ಸಲಕ್ಕೆ ಪರವಾಗಿಲ್ಲ. ಪದೇಪದೇ ಆಗುತ್ತಿದ್ದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ. ರಿಲೇಯ ಸೆಟ್ಟಿಂಗ್ ಏರಿಸಿ ಸುಮ್ನೆ ಕಣ್ಣು ಮುಚ್ಚಿಕೊಳ್ಳಬೇಡಿ. ಮೋಟರನ್ನು ಎರಡು ಹಂತದಲ್ಲಿ ಶುರು ಮಾಡುವ ಸ್ಟಾರ್ ಡೆಲ್ಟಾ ಸ್ಟಾರ್ಟರ್‌ನಲ್ಲಿ ರಿಲೇ ಮೋಟರಿಗೆ ಹೋಗುವ ಆರು ತಂತಿಗಳಲ್ಲಿ ಮೂರರ ಸಾಲಿನಲ್ಲಿದ್ದರೆ ಮೋಟರಿನ ಪ್ಲೇಟಿನಲ್ಲಿ ಬರೆದಿರುವ ಆಂಪ್ಸ್‌ನ ಶೇಕಡಾ 58ಕ್ಕೆ ಸೆಟ್ ಮಾಡಬೇಕು. ಇದು ಗೊತ್ತಿಲ್ಲದೆ ಪೂರ್ತಿ ಆಂಪ್ಸ್‌ಗೆ ಇಟ್ಟು ಮೋಟರ್ ಸುಟ್ಟುಕೊಂಡವರನ್ನು ಕಂಡಿದ್ದೇನೆ.

ಆಮೇಲೆ ಇರುವೆ. ನಗಬೇಡಿ, ಮಳೆಗಾಲದ ಮೊದಲ ವಾರದಲ್ಲಿ ನನಗೆ ಬರುವ ಕೆಲಸದಲ್ಲಿ ಇದರದ್ದೇ ದೊಡ್ಡ ಪಾಲು. ಮೋಟರಿಗೆ ಕರೆಂಟ್ ಕೂಡಿಸುವ ಆಯಸ್ಕಾಂತದ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಬೆಚ್ಚಗಿರುತ್ತದೆ, ಒಣಗಿರುತ್ತದೆ, ಇರುವೆಗಳಿಗೆ ಅದಕ್ಕಿಂತ ಒಳ್ಳೆ ಗೂಡು ಬೇಕಾ? ಹೋದ ವರ್ಷ ಒಂದು ಸ್ಟಾರ್ಟರ್ ತೆರೆದಾಗ ಕಾಂಟ್ಯಾಕ್ಟರ್‌ನಿಂದ ‘ಗುಂಯ್’ ಅಂತ ಸದ್ದು ಬರುತ್ತಿತ್ತು, ಕಾಯಿಲ್ ಮುಟ್ಟಲಾರದಷ್ಟು ಬಿಸಿ. ಕರೆಂಟ್ ತೆಗೆದು ಬಿಚ್ಚಿ ನೋಡಿದೆ. ಆಯಸ್ಕಾಂತದ ಎರಡು ಮುಖಗಳ ನಡುವೆ ಜಜ್ಜಿಹೋದ ಇರುವೆಗಳು ಕಪ್ಪು ಅಂಟಿನ ಹಾಗೆ ಮೆತ್ತಿಕೊಂಡಿದ್ದವು. ಆ ಅಂಟು ಕೂದಲೆಳೆಯಷ್ಟೇ ದಪ್ಪ ಇತ್ತು. ಅಷ್ಟಕ್ಕೇ ಎರಡು ಮುಖ ಪೂರ್ತಿ ಕೂಡುತ್ತಿರಲಿಲ್ಲ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಕಾಯಿಲ್ ಸುಡುತ್ತಿತ್ತು. ಒಣ ಬ್ರಷ್ಷಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿದ ಮೇಲೆ ಸದ್ದಿಲ್ಲದೆ ಕೂತಿತು. ಸೀಮೆಎಣ್ಣೆ, ಇರುವೆ ಪುಡಿ ಏನೂ ಹಾಕಬೇಡಿ. ಕೇಬಲ್ ಒಳಗೆ ಬರುವ ತೂತುಗಳನ್ನು ಎಂ-ಸೀಲ್ ಹಾಕಿ ಮುಚ್ಚಿ. ಹಲ್ಲಿಯೂ ಬರುವುದು ಅದೇ ದಾರಿಯಲ್ಲಿ.

ಕೈಯಲ್ಲಿ ಓಡುತ್ತದೆ, ಫೋನಿನಲ್ಲಿ ಓಡುವುದಿಲ್ಲ

ಈಗ ಡಬ್ಬಿಯ ಸರದಿ. ಮೋಟರ್ ಮನೆಯಲ್ಲಿ ನಿಂತೇ ಕಾಲ್ ಮಾಡಿ, ಕಿವಿಗೊಟ್ಟು ಕೇಳಿ. ಏನು ಕೇಳಿಸುತ್ತದೆ ಅನ್ನುವುದರಲ್ಲೇ ಉತ್ತರ ಇದೆ.

‘ಸ್ವಿಚ್ ಆಫ್ ಆಗಿದೆ’, ‘ವ್ಯಾಪ್ತಿ ಪ್ರದೇಶದಲ್ಲಿಲ್ಲ’, ‘ಈ ನಂಬರ್ ಅಸ್ತಿತ್ವದಲ್ಲಿಲ್ಲ’ ಅಂತ ಬಂದರೆ ಮೊದಲು ಸಿಮ್ ತೆಗೆದು ನಿಮ್ಮ ಫೋನಿಗೆ ಹಾಕಿ ನೋಡಿ. ಅಲ್ಲೂ ನೆಟ್‌ವರ್ಕ್ ಬರದಿದ್ದರೆ ಸಿಮ್ಮೇ ಸತ್ತಿದೆ. ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನ ನಿಯಮದಂತೆ 90 ದಿನ ಕಾಲು, ಮೆಸೇಜು, ಡೇಟಾ ಏನೂ ಬಳಸದ ಪ್ರೀಪೇಯ್ಡ್ ಸಿಮ್ಮನ್ನು ಕಂಪನಿಯವರು ನಿಲ್ಲಿಸಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು 30 ದಿನ ಮುಂದಕ್ಕೆ ಹಾಕುತ್ತಾರೆ. ಒಳ್ಳೆ ಮಳೆ ಬಂದ ವರ್ಷ ಮೂರು ತಿಂಗಳು ಮೋಟರ್ ತಂಟೆಗೇ ಹೋಗಿರುವುದಿಲ್ಲ, ಅಲ್ವಾ? ಮಳೆ ನಿಂತು ಕಾಲ್ ಮಾಡುವ ಹೊತ್ತಿಗೆ ನಂಬರೇ ಹೋಗಿರುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಕಾಲ್ ಮಾಡಿ, ಕರೆಂಟಿನ ಸ್ಥಿತಿ ಕೇಳಿ ಇಡಿ.

ರೀಚಾರ್ಜ್ ಬಗ್ಗೆ ಒಂದು ಮಾತು. ಈ ಸಿಮ್ಮಿಗೆ ಕಾಲು, ಮೆಸೇಜು ಸಾಕು, ಆ್ಯಪ್ ಬಳಸದವರಿಗೆ ಡೇಟಾ ಬೇಕಿಲ್ಲ. ಡಿಸೆಂಬರ್ 2024ರಲ್ಲಿ ಟ್ರಾಯ್ ತನ್ನ ನಿಯಮ ತಿದ್ದಿ, ಮಾತು ಮತ್ತು ಮೆಸೇಜ್ ಮಾತ್ರದ ಪ್ಯಾಕನ್ನೂ ಕಂಪನಿಗಳು ಕೊಡಬೇಕು, ಅವಧಿ 365 ದಿನದವರೆಗೂ ಇರಬಹುದು ಅಂತ ಹೇಳಿದೆ. ಅಂಗಡಿಯಲ್ಲಿ ಅದನ್ನೇ ಕೇಳಿ ಹಾಕಿಸಿಕೊಳ್ಳಿ. ತಿಂಗಳು ತಿಂಗಳು ಮರೆಯುವ ತಾಪತ್ರಯ ಇರುವುದಿಲ್ಲ.

ಸಿಮ್ ನಿಮ್ಮ ಫೋನಿನಲ್ಲಿ ಕೆಲಸ ಮಾಡಿ ಡಬ್ಬಿಯಲ್ಲಿ ಮಾಡದಿದ್ದರೆ ಎರಡು ಕಾರಣ ನೋಡಿ. ಒಂದು, ಸಿಮ್ಮಿಗೆ ಪಿನ್ ಲಾಕ್ ಇರಬಹುದು. ಫೋನಿನಲ್ಲೇ ತೆಗೆದು ಹಾಕಿ. ಎರಡು, ಬಹಳಷ್ಟು ಹಳೇ ಡಬ್ಬಿಗಳು 2ಜಿ ಮಾತ್ರ ಹಿಡಿಯುತ್ತವೆ. 2016ರಲ್ಲಿ ಶುರುವಾದ ಜಿಯೋಗೆ 2ಜಿ ಇಲ್ಲವೇ ಇಲ್ಲ. ಹಾಗಾಗಿ ಆ ಸಿಮ್ಮು 2ಜಿ ಡಬ್ಬಿಯಲ್ಲಿ ಎಷ್ಟು ಸಲ ತೆಗೆದು ಹಾಕಿದರೂ ನಡೆಯುವುದಿಲ್ಲ. ತೋಟದಲ್ಲಿ 2ಜಿ ಸಿಗುವ ಕಂಪನಿಯ ಸಿಮ್ ಹಾಕಿ, ಇಲ್ಲವೇ 4ಜಿ ಡಬ್ಬಿ ತನ್ನಿ.

ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ ಅನ್ನುವುದು ಆಂಟೆನಾ ದೋಷ. ಕಬ್ಬಿಣದ ಪೆಟ್ಟಿಗೆಯೊಳಗೆ ಆಂಟೆನಾ ಮಡಚಿಟ್ಟು ಬಾಗಿಲು ಹಾಕಿದರೆ ಸಿಗ್ನಲ್ ಬರುವುದಾದರೂ ಹೇಗೆ? ಬಾಗಿಲು ತೆರೆದಾಗ ಕಾಲ್ ಹೋಗಿ ಮುಚ್ಚಿದಾಗ ಹೋಗದಿದ್ದರೆ ಇದೇ ಕಾರಣ. ಆಂಟೆನಾದ ವೈರನ್ನು ಹೊರಗೆ ತಂದು, ಸೂರಿನ ಕೆಳಗೆ ಎತ್ತರದಲ್ಲಿ ಕೂರಿಸಿ. ಡಬ್ಬಿಯ ಹತ್ತಿರದ ಹಿತ್ತಾಳೆ ತಿರುಪು ಕೈಯಲ್ಲಿ ಬಿಗಿ ಮಾಡಿ, ಪಕ್ಕಡ್ ಹಾಕಬೇಡಿ.

ಡಬ್ಬಿಗೆ ಕಾಲ್ ತಲುಪುತ್ತಿದೆಯಾ ಅಂತ ತಿಳಿಯಲು ಒಂದು ಹಳೇ ಉಪಾಯ ಇದೆ. ಒಂದು ಚಿಕ್ಕ ರೇಡಿಯೋ ಅಥವಾ ವೈರಿರುವ ಸ್ಪೀಕರ್ ಆನ್ ಮಾಡಿ ಡಬ್ಬಿಯ ಆಂಟೆನಾ ಪಕ್ಕ ಹಿಡಿದು ಕಾಲ್ ಮಾಡಿ. 2ಜಿ ಡಬ್ಬಿಯಾದರೆ ರಿಂಗ್ ಕೇಳಿಸುವ ಮುಂಚೆಯೇ ಸ್ಪೀಕರ್‌ನಲ್ಲಿ ‘ಟಟಟ್ ಟಟಟ್ ಟಟಟ್’ ಅಂತ ಗೊರಗೊರ ಸದ್ದು ಬರುತ್ತದೆ. ಹಿಂದೆ ಟೇಪ್‌ರೆಕಾರ್ಡರ್ ಪಕ್ಕ ಫೋನ್ ಇಟ್ಟಾಗ ಬರುತ್ತಿತ್ತಲ್ಲ, ಅದೇ. ಸದ್ದು ಬಂದರೆ ಮೋಡೆಮ್ ಟವರಿನೊಂದಿಗೆ ಮಾತಾಡುತ್ತಿದೆ.

ಕಾಲ್ ಹೋದ ತಕ್ಷಣ ಡಬ್ಬಿಯ ದೀಪ ಆರಿ ಮತ್ತೆ ಹೊತ್ತಿಕೊಳ್ಳುತ್ತದಾ? ಅದು ಹೊಟ್ಟೆಗೆ ಸಾಲದೆ ಆಗುವುದು. 2ಜಿ ಮೋಡೆಮ್ ಸಿಗ್ನಲ್ ಕಳಿಸುವ ಕ್ಷಣದಲ್ಲಿ 2 ಆಂಪ್ಸ್ ತನಕ ಎಳೆಯುತ್ತದೆ. ಮೂಲ ಅಡಾಪ್ಟರ್ ಹೋಗಿ ಯಾವುದೋ ಹಳೇ ಫೋನ್ ಚಾರ್ಜರ್ ಹಾಕಿದ್ದರೆ, ಅಥವಾ ಒಳಗಿನ ಬ್ಯಾಟರಿ ಉಬ್ಬಿದ್ದರೆ, ಆ ಕ್ಷಣಕ್ಕೆ ವೋಲ್ಟೇಜ್ ಬಿದ್ದು ಡಬ್ಬಿ ಮೊದಲಿಂದ ಶುರುವಾಗುತ್ತದೆ. ಬ್ಯಾಟರಿ ಬದಲಾಯಿಸಿ. ಕರೆಂಟ್ ಹೋದಾಗ ಮೆಸೇಜ್ ಬರುತ್ತಿಲ್ಲ ಅನ್ನುವವರಿಗೂ ಇದೇ ಔಷಧಿ.

ರಿಂಗ್ ಆಗಿ ಕಟ್ಟಾದರೆ ನಿಮ್ಮ ನಂಬರನ್ನು ಡಬ್ಬಿ ಗುರುತಿಸುತ್ತಿಲ್ಲ. ನಂಬರ್ ಸೇರಿಸುವಾಗ +91 ಹಾಕಿದ್ದೀರಾ, ಸೊನ್ನೆ ಹಾಕಿದ್ದೀರಾ, ಬರೀ 10 ಅಂಕಿನಾ ಅಂತ ಕೈಪಿಡಿಯಲ್ಲಿ ಹೇಳಿದಂತೆ ಸರಿಪಡಿಸಿ. ಎರಡು ಸಿಮ್ಮಿನ ಫೋನಿನಲ್ಲಿ ಇನ್ನೊಂದು ಸಿಮ್ಮಿನಿಂದ ಕಾಲ್ ಹೋಗಿರುವುದೂ ಉಂಟು.

ಡಬ್ಬಿ ಕಾಲ್ ಎತ್ತುತ್ತದೆ, ಆದರೂ ಮೋಟರ್ ಓಡುವುದಿಲ್ಲ. ಆಗ ಡಬ್ಬಿಯಿಂದ ಬರುವ ರಿಲೇ ಸದ್ದಿಗೆ ಕಿವಿ ಕೊಡಿ. ‘ಟಿಕ್’ ಅಂದು, ಎರಡು ಮೂರು ಸೆಕೆಂಡಿಗೆ ಮತ್ತೆ ‘ಟಿಕ್’ ಅಂದರೆ ಡಬ್ಬಿ ತನ್ನ ಕೆಲಸ ಮಾಡಿದೆ, ಅಲ್ಲಿಂದ ಹಸಿರು ಬಟನ್‌ಗೆ ಹೋಗುವ ತಂತಿ ಬಿಟ್ಟುಕೊಂಡಿದೆ. ‘ಟಿಕ್’ ಬರದಿದ್ದರೆ ಡಬ್ಬಿಯೇ ಬೇಡ ಅನ್ನುತ್ತಿದೆ. ಸ್ಥಿತಿ ಕೇಳುವ ಮೆಸೇಜ್ ಕಳಿಸಿ, ಕಾರಣ ಹೇಳುತ್ತದೆ: ಲೋ ವೋಲ್ಟೇಜ್, ಫೇಸ್ ಇಲ್ಲ, ಡ್ರೈ ರನ್ (ನೀರಿಲ್ಲದೆ ಓಡುವುದು). ಅದನ್ನು ನಂಬಿ, ಮೇಲೆ ಹೇಳಿದ ಹಾಗೆ ಅಳೆದು ನೋಡಿ.

‘ಮೋಟರ್ ಆನ್ ಆಗಿದೆ’ ಅಂತ ಮೆಸೇಜ್, ನೀರು ಮಾತ್ರ ಇಲ್ಲ

ನನಗೆ ಅತಿ ಹೆಚ್ಚು ಭಯ ಇರುವುದು ಈ ದೋಷದ ಬಗ್ಗೆ.

ಒಬ್ಬ ಯಜಮಾನರ ತೋಟ, ಮಕ್ಕಳೆಲ್ಲ ಊರು ಬಿಟ್ಟವರು, ಅವರೂ ಮೊಣಕಾಲು ನೋವಿಗೆ ಮಗಳ ಮನೆಯಲ್ಲಿದ್ದರು. ದಿನಾ ರಾತ್ರಿ ಅಲ್ಲಿಂದಲೇ ಕಾಲ್ ಮಾಡುತ್ತಿದ್ದರು, ದಿನಾ ‘ಮೋಟರ್ ಆನ್’ ಅಂತ ಮೆಸೇಜ್ ಬರುತ್ತಿತ್ತು. ನಾಲ್ಕನೇ ದಿನ ಪಕ್ಕದ ತೋಟದವರು ಫೋನ್ ಮಾಡಿ, ‘ಯಾಕೆ ಯಜಮಾನ್ರೇ, ಸಸಿ ಎಲ್ಲಾ ಬಾಡ್ತಾ ಅವೆ, ನೀರು ಬಿಟ್ಟಿಲ್ವಾ?’ ಅಂದರು. ನನ್ನನ್ನು ಕಳಿಸಿದರು. ಹಸಿರು ಬಟನ್ ಒತ್ತಿದೆ. ಕಾಂಟ್ಯಾಕ್ಟರ್ ‘ಧಡ್’ ಅಂತ ಕೂತಿತು, ದೀಪ ಹೊತ್ತಿತು. ಕ್ಲ್ಯಾಂಪ್ ಮೀಟರನ್ನು ಮೋಟರಿಗೆ ಹೋಗುವ ತಂತಿಗೆ ಹಾಕಿದೆ. ಸೊನ್ನೆ. ಮೂರರಲ್ಲೂ ಸೊನ್ನೆ. ಆ ಕ್ಷಣವೇ ಮೇನ್ ಇಳಿಸಿ, ಫ್ಯೂಸ್ ಕಿತ್ತು, ಕೇಬಲ್ ಹೋದ ದಾರಿ ಹಿಡಿದು ನಡೆದೆ. ಟ್ರ್ಯಾಕ್ಟರ್ ಉಳುಮೆ ಮಾಡಿದ ಸಾಲಿನಲ್ಲಿ ಮಣ್ಣು ಕೆದರಿದಾಗ ತುಂಡಾದ ಕೇಬಲ್ ಸಿಕ್ಕಿತು. ಮೂರು ತಾಮ್ರದ ತುದಿಗಳು ಒಣ ಮಣ್ಣಿನಲ್ಲಿ ಗೇಣಿನಷ್ಟು ಆಳದಲ್ಲಿದ್ದವು. ನಾಲ್ಕು ರಾತ್ರಿ ಆ ತುದಿಗಳಲ್ಲಿ 415 ವೋಲ್ಟ್ ಇತ್ತು. ಹಗಲು ಅಲ್ಲೇ ಮೇಕೆ ಮೇಯುತ್ತಿದ್ದವು.

ಡಬ್ಬಿ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಕಾಂಟ್ಯಾಕ್ಟರ್ ಕೂತಿದೆ ಅನ್ನುವುದಷ್ಟೇ, ಯಾಕೆಂದರೆ ಕೂರಿಸಿದವರು ಅದಕ್ಕೆ ಕಾಂಟ್ಯಾಕ್ಟರ್‌ನ ಪಕ್ಕದ ಪಾಯಿಂಟಿನಿಂದ ಸುದ್ದಿ ಕೊಟ್ಟಿದ್ದರು. ಮೋಟರ್ ನಿಜವಾಗಿ ಕರೆಂಟ್ ಎಳೆಯುತ್ತಿದೆಯಾ ಅಂತ ಗೊತ್ತಾಗಬೇಕಾದರೆ ಮೋಟರಿಗೆ ಹೋಗುವ ತಂತಿಗೆ ಸಿಟಿ ಹಾಕಬೇಕು. ಬಳೆಯ ಹಾಗಿರುವ ಚಿಕ್ಕ ಕಾಯಿಲ್ ಅದು, ತಂತಿ ಅದರ ಮಧ್ಯೆ ಹಾದು ಹೋಗುತ್ತದೆ. ನಿಮ್ಮ ಡಬ್ಬಿ ಕಳಿಸುವ ಮೆಸೇಜಿನಲ್ಲಿ ಆಂಪ್ಸ್ ಎಷ್ಟು ಅಂತ ಬರುತ್ತದಾ ನೋಡಿ. ಬರುವುದಿಲ್ಲ ಅಂದರೆ ನಿಮಗೂ ಅದೇ ಅಪಾಯ ಇದೆ. ದೂರದಿಂದ ಮೋಟರ್ ಓಡಿಸುವವರು ಬೇರೆ ಯಾವ ಸೌಲಭ್ಯ ಬಿಟ್ಟರೂ ಸಿಟಿ ಬಿಡಬಾರದು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆಂಪ್ಸ್ ಬರುತ್ತಿದ್ದರೆ ಅದನ್ನು ಓದುವುದು ಹೀಗೆ. ನಿಮ್ಮ ಮೋಟರ್ ಚೆನ್ನಾಗಿ ನೀರು ಎತ್ತುವಾಗ 9 ಆಂಪ್ಸ್ ಎಳೆಯುತ್ತದೆ ಅಂದುಕೊಳ್ಳಿ. ಮೂರರಲ್ಲೂ ಸೊನ್ನೆ ಬಂದರೆ ಕೇಬಲ್ ಕಡಿದಿದೆ ಅಥವಾ ಕಾಂಟ್ಯಾಕ್ಟರ್ ಆಚೆ ಎಲ್ಲೋ ಬಿಟ್ಟುಕೊಂಡಿದೆ. ಒಂದರಲ್ಲಿ ಸೊನ್ನೆ, ಎರಡರಲ್ಲಿ ಜಾಸ್ತಿ ಬಂದರೆ ಒಂದು ಎಳೆ ಹೋಗಿದೆ, ಕೂಡಲೇ ನಿಲ್ಲಿಸಿ. ಮೂರೂ ಸಮವಾಗಿ 6ರ ಆಸುಪಾಸಿಗೆ ಇಳಿದರೆ ಮೋಟರ್ ಸುತ್ತುತ್ತಿದೆ, ನೀರಿನ ಭಾರ ಅದರ ಮೇಲಿಲ್ಲ: ಬೋರಿನಲ್ಲಿ ನೀರು ಕೆಳಗೆ ಹೋಗಿದೆ, ಇಲ್ಲವೇ ಪಂಪಿಗೂ ಮೋಟರಿಗೂ ನಡುವಿನ ಕಪ್ಲಿಂಗ್ ಮುರಿದಿದೆ. ಆಂಪ್ಸ್ ಸರಿ ಇದ್ದು ತೊಟ್ಟಿಗೆ ನೀರು ಬರುತ್ತಿಲ್ಲ ಅಂದರೆ ಪೈಪು ಒಳಗೆಲ್ಲೋ ಒಡೆದು ನೀರು ಬೋರಿಗೇ ವಾಪಸ್ ಬೀಳುತ್ತಿರಬಹುದು. ಬೋರಿನ ಬಾಯಿಗೆ ಕಿವಿಯಿಟ್ಟರೆ ಸುರಿಯುವ ಸದ್ದು ಕೇಳಿಸುತ್ತದೆ.

ಶುರುವಾಗಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ

ಬಟನ್ ಬಿಟ್ಟ ಕೂಡಲೇ ನಿಂತರೆ ಕಾಂಟ್ಯಾಕ್ಟರನ್ನು ಹಿಡಿದಿಡುವ ಪಕ್ಕದ ಪಾಯಿಂಟು ಕೆಟ್ಟಿದೆ. ಕೆಲವು ನಿಮಿಷ ಓಡಿ ನಿಂತು ‘ಡ್ರೈ ರನ್’ ಅಂದರೆ ಬೋರಿನಲ್ಲಿ ನೀರು ಕಮ್ಮಿಯಾಗಿದೆ. ಬೇಸಿಗೆಯಲ್ಲಿ ಇದು ದೋಷವಲ್ಲ, ಸತ್ಯ. ಡೆಲಿವರಿ ವಾಲ್ವ್ ಸ್ವಲ್ಪ ಬಿಗಿ ಮಾಡಿ ನೀರು ಕಮ್ಮಿ ತೆಗೆದು ನೋಡಿ. ‘ಮತ್ತೆ ಆನ್’ ಮಾಡುವ ಸಮಯವನ್ನು 10 ನಿಮಿಷದಿಂದ ಒಂದು ಗಂಟೆಗೆ ಏರಿಸಿ, ಬೋರಿಗೆ ನೀರು ಊರಲು ಬಿಡುವು ಬೇಕು. ಹೊಸ ಮೋಟರ್ ಇಳಿಸಿದ ಮೇಲೆ ಶುರುವಾದ ತೊಂದರೆ ಇದಾದರೆ ಡಬ್ಬಿಗೆ ಹಳೇ ಮೋಟರಿನ ಆಂಪ್ಸೇ ನೆನಪಿದೆ. ನೀರು ಚೆನ್ನಾಗಿ ಬರುವ ಹೊತ್ತಿನಲ್ಲಿ ಮತ್ತೆ ಕಲಿಸಿ.

ಆಫ್ ಆಗುವುದಿಲ್ಲ, ಅಥವಾ ತಾನಾಗಿ ಆನ್ ಆಗುತ್ತದೆ

ಫೋನಿನಿಂದ ಆಫ್ ಆಗದಿದ್ದರೆ ಕೆಂಪು ಬಟನ್ ಒತ್ತಿ. ನಿಂತರೆ ಆಫ್ ರಿಲೇಯ ತಂತಿಯನ್ನು ತಪ್ಪು ಜಾಗಕ್ಕೆ ಸೇರಿಸಿರಬಹುದು. ಕೆಂಪು ಒತ್ತಿದರೂ ನಿಲ್ಲದಿದ್ದರೆ ಕಾಂಟ್ಯಾಕ್ಟರ್‌ನ ಪಾಯಿಂಟುಗಳು ಕರಗಿ ಅಂಟಿಕೊಂಡಿವೆ. ಮೇನ್ ಇಳಿಸಿ, ಕಾಂಟ್ಯಾಕ್ಟರ್ ಬದಲಾಯಿಸಿ. ಅರದಲ್ಲಿ ಉಜ್ಜಿ ಮತ್ತೆ ಹಾಕಬೇಡಿ, ಬೇಗ ಮತ್ತೆ ಅಂಟುತ್ತದೆ.

ತಾನಾಗಿ ಆನ್ ಆಗುತ್ತಿದ್ದರೆ ಆಟೋ ಮೋಡ್ ನೋಡಿ. ಅದೂ ಆಫ್ ಇದ್ದರೆ ‘ಯಾವ ನಂಬರಿನಿಂದ ಬೇಕಾದರೂ’ ಅನ್ನುವ ಸೆಟ್ಟಿಂಗ್ ತೆರೆದಿದೆಯಾ ಅಂತ ಪರೀಕ್ಷಿಸಿ. ಒಬ್ಬರ ಸಿಮ್ಮಿನ ನಂಬರ್ ಹಿಂದೆ ಬೇರೆ ಯಾರದೋ ಆಗಿತ್ತು. ಆ ಹಳಬರ ಸಾಲ ಕೇಳಿಕೊಂಡು ಕಾಲ್‌ಗಳು ಬರುತ್ತಿದ್ದವು, ಪ್ರತಿ ಕಾಲ್‌ಗೂ ಮೋಟರ್ ಎದ್ದು ಕೂರುತ್ತಿತ್ತು. ಬಳಸದೆ ನಿಂತ ನಂಬರನ್ನು 90 ದಿನ ಕಳೆದ ಮೇಲೆ ಹೊಸಬರಿಗೆ ಕೊಡುತ್ತಾರೆ, ಹಾಗಾಗಿ ಇದು ಯಾರಿಗೂ ಆಗಬಹುದು. ಡಬ್ಬಿಯಲ್ಲಿ ಮನೆಯವರ ನಂಬರ್ ಮಾತ್ರ ಇಡಿ. ಕೆಲಸ ಬಿಟ್ಟುಹೋದ ಆಳಿನ ನಂಬರ್ ಅಂದೇ ತೆಗೆಯಿರಿ.

ಸರಿ ಮಾಡಿದ ಮೇಲೆ

ಒಬ್ಬರನ್ನು ಮೋಟರ್ ಮನೆಯಿಂದ ಹೊರಗೆ, ಸ್ಟಾರ್ಟರ್ ಕಾಣುವ ಜಾಗದಲ್ಲಿ ನಿಲ್ಲಿಸಿ. ನೀವು ಮನೆಗೆ ಬಂದು ಕಾಲ್ ಮಾಡಿ ಆನ್ ಮಾಡಿ. ನೀರು ಬಂತು ಅಂತ ಅವರ ಬಾಯಲ್ಲಿ ಕೇಳಿ. ಆಫ್ ಮಾಡಿ, ನಿಂತಿತು ಅಂತ ಕೇಳಿ. ಮೂರು ಸಲ ಹೀಗೆ ಮಾಡಿ, ಆನ್‌ಗಿಂತ ಆಫ್ ಮುಖ್ಯ. ಆಮೇಲೆ ಮೂರು ಫೇಸಿನ ವೋಲ್ಟೇಜು, ಮೂರರ ಆಂಪ್ಸು, ಸಿಮ್ಮಿನ ನಂಬರು, ರೀಚಾರ್ಜ್ ಮುಗಿಯುವ ತಾರೀಕು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸ್ಟಾರ್ಟರ್ ಬಾಗಿಲ ಒಳಗೆ ಅಂಟಿಸಿ. ಚೀಟಿಯ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿ. ಮುಂದಿನ ಸಲ ದೋಷ ಬಂದಾಗ ‘ಮೊದಲು ಎಷ್ಟಿತ್ತು?’ ಅಂತ ನಾನು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲಿರುತ್ತದೆ.